ಸೆಲ್ಲಾರ್ ಕೋಣೆಗೆ ಮರ ಬಿಟ್ಟು ಜಿಐ ಸ್ಟಡ್ ಹಾಕಿಸಿದೆ

ಬಳ್ಳಾರಿಯ ನಮ್ಮ ಮನೆ ಸೆಲ್ಲಾರಿನಲ್ಲಿ ಮಗಳಿಗೆ ಓದೋ ಕೋಣೆ ಬೇಕಿತ್ತು. ಮೊದಲ ಸಲ ಮರದ ರೀಪು ಹೊಡೆಸಿ ಪ್ಲೈವುಡ್ ಹಾಕಿಸಿದ್ದೆ. ಒಂದೇ ಮಳೆಗಾಲ. ಕೆಳಗಿನ ರೀಪು ಬೆರಳಲ್ಲಿ ಒತ್ತಿದರೆ ಒಳಗೆಲ್ಲ ಗೆದ್ದಲಿನ ಮಣ್ಣು.

ಈ ಸಲ ಮರದ ಬದಲು ಜಿಐ ಸ್ಟಡ್, ಅಂದರೆ ಸತು ಲೇಪಿಸಿದ ಉಕ್ಕಿನ ತಗಡಿನ ಕಂಬ, ಹಾಕಿಸೋಣ ಅಂದುಕೊಂಡೆ. ಆದರೆ ಮೊದಲು ತೇವ ನೋಡಿದೆ. ಗೋಡೆಗೆ ಪ್ಲಾಸ್ಟಿಕ್ ಹಾಳೆ ಇಟ್ಟು ನಾಲ್ಕೂ ಅಂಚಿಗೆ ಟೇಪ್ ಅಂಟಿಸಿ ಎರಡು ದಿನ ಬಿಟ್ಟೆ. ಹಾಳೆಯ ಹಿಂದೆ ಹನಿ ಕಟ್ಟಿತ್ತು, ಅಂದರೆ ನೀರು ಗೋಡೆಯಿಂದಲೇ ಬರುತ್ತಿತ್ತು. ವಾಟರ್‌ಪ್ರೂಫಿಂಗ್ ಮಾಡಿಸಿ, ಪೂರ್ತಿ ಒಣಗಿದ ಮೇಲೆಯೇ ಸಾಮಾನು ತಂದೆ.

ಅಂಗಡಿಯಲ್ಲಿ ಚಾವಣಿಗೆ ಹಾಕುವ ಲೋಹದ ಪಟ್ಟಿ, ಸೀಲಿಂಗ್ ಚಾನೆಲ್ಲೇ ಸಾಕು ಅಂದರು. ಸಾಲದು, ಗೋಡೆಗೆ ಸ್ಟಡ್ಡು, ಅದನ್ನು ಮೇಲೆ ಕೆಳಗೆ ಹಿಡಿದಿಡುವ ಟ್ರ್ಯಾಕು ಬೇರೆಯೇ ಇರುತ್ತವೆ, ಕೇಳಿ ತನ್ನಿ. ತೆಳ್ಳಗಿನದು ತಿರುಚಿದರೆ ಕೈಯಲ್ಲೇ ಬಾಗಿತು, 0.5 ಮಿಮೀ ದಪ್ಪದ್ದು ತಗೊಂಡೆ. ಗೋಡೆಯಿಂದ ಒಂದಿಂಚು ಬಿಟ್ಟು ಎರಡಡಿಗೊಂದು ಸ್ಟಡ್ ನಿಲ್ಲಿಸಿದೆವು. ಸ್ಟಡ್ ಮೇಲೆ ಹೊಡೆಯುವ ಗೋಡೆ ಹಲಗೆ, ಅಂದರೆ ಜಿಪ್ಸಮ್ ಬೋರ್ಡಿನ ಅಗಲ 4 ಅಡಿ, ಹಾಗಾಗಿ ಜೋಡು ಸರಿಯಾಗಿ ಸ್ಟಡ್ ಮೇಲೇ ಕೂತಿತು. ನೆಲದ ತೇವ ಹೀರದಿರಲಿ ಅಂತ ಬೋರ್ಡು ನೆಲದಿಂದ ಅರ್ಧ ಇಂಚು ಮೇಲಿದೆ.