ಮಿಲ್‌ಫೋರ್ಡ್ ಟ್ರ್ಯಾಕ್‌ನಲ್ಲಿ ಒಣಗಿಸಿದ ಬಿಸಿಬೇಳೆಬಾತ್: ನನ್ನ ಅನುಭವ

ನ್ಯೂಜಿಲೆಂಡಿನ ಫಿಯೋರ್ಡ್‌ಲ್ಯಾಂಡ್ ರಾಷ್ಟ್ರೀಯ ಉದ್ಯಾನದೊಳಗಿನ ಚಾರಣದ ಹಾದಿಯಾದ ಮಿಲ್‌ಫೋರ್ಡ್ ಟ್ರ್ಯಾಕ್‌ಗೆ ಹೊರಟಾಗ, ಮೂರೂ ರಾತ್ರಿಯ ಊಟ ಮನೆಯಲ್ಲೇ ಒಣಗಿಸಿದ ಬಿಸಿಬೇಳೆಬಾತ್ ಎಂದು ಹೇಳಿದ್ದಕ್ಕೆ ನಮ್ಮ ಗುಂಪಿನಲ್ಲಿ ನಗದವರಿಲ್ಲ. ಅಂಗಡಿಯ ಒಣ ಊಟದ ಪೊಟ್ಟಣಕ್ಕೆ ಹದಿನೈದು ಡಾಲರಿನ ಆಸುಪಾಸು. ಸಸ್ಯಾಹಾರಿಗಳಿಗೆ ಆಯ್ಕೆ ಕಡಿಮೆ, ರುಚಿಯೂ ಅಷ್ಟಕ್ಕಷ್ಟೆ. ನನ್ನದು ಓವನ್ನಿನ ವಿದ್ಯುತ್ತೂ ಸೇರಿ ಮೂರು ಡಾಲರ್ ದಾಟಿರಲಾರದು.

ಆದರೆ ಮೊದಲ ಕಂತುಗಳೆಲ್ಲ ಕಸದ ಬುಟ್ಟಿ ಸೇರಿದವು. ಕೊಬ್ಬರಿ ಬಿದ್ದ ಮಸಾಲೆ ಎರಡು ವಾರದಲ್ಲೇ ಕಮಟು ಹಿಡಿಯಿತು. ಇಡಿಯಾಗಿ ಉಳಿದ ತೊಗರಿಬೇಳೆ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆದರೂ ಹಲ್ಲಿಗೆ ಗಟ್ಟಿಯಾಗಿಯೇ ಸಿಗುತ್ತಿತ್ತು. ಆಲೂಗಡ್ಡೆಯಂತೂ ಮತ್ತೆ ಮೆತ್ತಗಾಗಲೇ ಇಲ್ಲ. ಕೊನೆಗೆ ಬೇಳೆಯನ್ನು ಕುಕ್ಕರಿನಲ್ಲಿ ನುಣ್ಣಗೆ ಬೇಯಿಸಿ, ಕಡೆದು, ಎಣ್ಣೆ ತುಪ್ಪ ಸೋಕಿಸದೆ ಬೇಕಿಂಗ್ ಕಾಗದದ ಮೇಲೆ ತೆಳ್ಳಗೆ ಸವರಿ, ಓವನ್ನಿನ ಬಾಗಿಲಿಗೆ ಮರದ ಸೌಟು ಸಿಕ್ಕಿಸಿಟ್ಟು, 60–65 ಡಿಗ್ರಿಯಲ್ಲಿ ಎಂಟು ಹತ್ತು ಗಂಟೆ ಬಿಟ್ಟೆ. ಹಪ್ಪಳದಂತೆ ಚಟ್ಟನೆ ಮುರಿದ ಮೇಲೆ ಪುಡಿ ಮಾಡಿದೆ. ಅನ್ನ, ಸಣ್ಣಗೆ ಹೆಚ್ಚಿ ಬೇಯಿಸಿದ ಬೀನ್ಸ್, ಕ್ಯಾರೆಟ್ ಬೇರೆ ಬೇರೆ ತಟ್ಟೆಯಲ್ಲಿ ಒಣಗಿದವು. ತುಪ್ಪ ಪುಟ್ಟ ಬಾಟಲಿಯಲ್ಲಿ ಪ್ರತ್ಯೇಕವಾಗಿ ಬಂತು. ಕೊಬ್ಬರಿಯ ಜಾಗಕ್ಕೆ ಏನು ಹಾಕಿದೆನೆಂಬುದನ್ನು ಮಾತ್ರ ಸದ್ಯಕ್ಕೆ ಬಿಟ್ಟುಕೊಡುವುದಿಲ್ಲ.

ಒಬ್ಬರ ಪಾಲು ಸುಮಾರು 120 ಗ್ರಾಂ ತೂಗುತ್ತಿತ್ತು. ಚಾರಣಿಗರು ತಂಗುವ ಕ್ಲಿಂಟನ್ ಹಟ್‌ವರೆಗಿನ ಮೊದಲ ದಿನದ ಐದು ಕಿಲೋಮೀಟರಿಗೆ ಇದು ಲೆಕ್ಕಕ್ಕಿಲ್ಲ. 1,154 ಮೀಟರ್ ಎತ್ತರದ ಬೆಟ್ಟದ ಹಾದಿ ಮ್ಯಾಕಿನನ್ ಪಾಸ್ ಏರುವಾಗ ಬೆನ್ನಿಗೆ ಗೊತ್ತಾಗುತ್ತದೆ. ಅಲ್ಲಿನ ಮಳೆಯ ಬಗ್ಗೆ ಹೇಳಬೇಕಾಗಿಲ್ಲ, ಆದ್ದರಿಂದ ಪ್ರತಿ ಊಟಕ್ಕೂ ಎರಡು ಜಿಪ್ ಚೀಲ ಬಳಸಿದೆ.

ನಿಜವಾದ ಪರೀಕ್ಷೆ ಪಾಸಿನ ಹಿಂದಿನ ರಾತ್ರಿ, ಮಿಂಟಾರೊ ಹಟ್‌ನಲ್ಲಿ ನಡೆಯಿತು. ಚಾರಣದ ಋತುವಿನಲ್ಲಿ ಗ್ಯಾಸ್ ಒಲೆ ಅಲ್ಲಿಯೇ ಇರುತ್ತದೆ, ಪಾತ್ರೆ ನಮ್ಮದು. ಐದು ನಿಮಿಷ ಕುದಿಸಿ, ಮುಚ್ಚಿ, ಉಣ್ಣೆಯ ಟೋಪಿ ಸುತ್ತಿ ಕಾಲು ಗಂಟೆ ಇಟ್ಟೆ. ಮುಚ್ಚಳ ತೆಗೆದು ತುಪ್ಪ ಬಿಟ್ಟಾಗ ಎದ್ದ ಘಮಕ್ಕೆ, ನಕ್ಕವರೇ ಚಮಚ ಹಿಡಿದು ಬಂದರು.

ಮೊಸರನ್ನವನ್ನೂ ಒಣಗಿಸಿ ನೋಡಿದ್ದೆ; ನೀರು ಬಿದ್ದೊಡನೆ ತರಿತರಿಯಾಗಿ ಒಡೆಯಿತು. ಹಾಲಿನ ಪುಡಿಗೆ ಚಿಟಿಕೆ ಸಿಟ್ರಿಕ್ ಆಮ್ಲ ಬೆರೆಸಿದ್ದು ಪರವಾಗಿಲ್ಲ ಎನ್ನಿಸಿತಾದರೂ ಅದನ್ನು ಮೊಸರೆಂದು ಯಾರಿಗೂ ಬಡಿಸಲಾರೆ. ಹುರಳಿ ಸಾರಿನ ಪುಡಿ ಮಾತ್ರ ಚೆನ್ನಾಗಿ ಬಂದಿದೆ. ಮುಂದಿನ ಸಲ ರೂಟ್‌ಬರ್ನ್ ಟ್ರ್ಯಾಕ್‌ಗೆ ಅದನ್ನೇ ಹೊರುತ್ತೇನೆ.