ಜಾಮ್ ರೂಮಿನಲ್ಲಿ ಮೊದಲ ಆರು ತಿಂಗಳು

ಹೊಸ ಬ್ಯಾಂಡ್ ಕಟ್ಟಲು ಡ್ರಮ್, ಬೇಸ್ (ತಗ್ಗು ಸ್ವರದ ಗಿಟಾರ್), ಗಿಟಾರ್, ಹಾಡುವವರು: ನಾಲ್ಕು ಜನ ಸಾಕು. ಎರಡನೇ ಗಿಟಾರಿನ ಆಸೆಯನ್ನು ಮೂರು ತಿಂಗಳು ತಡೆದುಕೊಳ್ಳಿ. ಬೆಂಗಳೂರಿನಲ್ಲಿ ಗಿಟಾರ್ ನುಡಿಸುವವರಿಗೆ ಬರವಿಲ್ಲ, ಬೇಸಿನವರಿಗೆ ಇದೆ. ಹಾಗಾಗಿ ಗಿಟಾರಿನವರಲ್ಲೇ ಒಬ್ಬರು ಬೇಸ್ ಹಿಡಿಯಬೇಕಾಗುತ್ತದೆ, ನಮ್ಮಲ್ಲೂ ಅದೇ ಆಯಿತು. ಹೀಗೆ ಬದಲಾದವರ ಕೈ ಸುಮ್ಮನಿರುವುದಿಲ್ಲ, ಸೋಲೋ ಕಡೆಗೇ ಓಡುತ್ತದೆ. ಕಿಕ್ (ಕಾಲಿನಿಂದ ಬಡಿಯುವ ದೊಡ್ಡ ಡ್ರಮ್) ಬಿದ್ದಲ್ಲಿ ಮಾತ್ರ ಬೇಸ್ ಬೀಳಬೇಕು ಎಂಬ ಒಂದೇ ನಿಯಮ ಇಟ್ಟುಕೊಂಡೆವು.

ಜಾಮ್ ರೂಮ್ ಎಂದರೆ ಬಾಡಿಗೆಯ ಅಭ್ಯಾಸದ ಕೋಣೆ. ಅಲ್ಲಿ ಎರಡು ಗಂಟೆಯ ಬುಕಿಂಗ್‌ನಲ್ಲಿ ಮೊದಲ 20 ನಿಮಿಷ ಗಿಟಾರ್ ಆಂಪ್ (ಸದ್ದು ಹೆಚ್ಚಿಸುವ ಪೆಟ್ಟಿಗೆ) ಆಫ್. ಡ್ರಮ್ ಮತ್ತು ಬೇಸ್ ಮಾತ್ರ, ಫೋನಿನ ಮೆಟ್ರೊನೋಮ್ (ಲಯ ಎಣಿಸುವ ಟಿಕ್ ಟಿಕ್ ಸದ್ದು) ಹೆಡ್‌ಫೋನಿನಲ್ಲಿ ಡ್ರಮ್ಮರ್ ಕಿವಿಗೆ. ಹಾಡಿನ ವೇಗ ನಿಮಿಷಕ್ಕೆ 112 ಬಡಿತ ಇದ್ದರೆ 88ರಿಂದ ಶುರು ಮಾಡಿ ನಾಲ್ಕು ನಾಲ್ಕಾಗಿ ಏರಿಸುವುದು. ನಿಧಾನದಲ್ಲಿ ನಿಲ್ಲದ ಕೈ ವೇಗದಲ್ಲೂ ನಿಲ್ಲುವುದಿಲ್ಲ, ವೇಗದಲ್ಲಿ ಅದು ಕೇಳಿಸುವುದಿಲ್ಲ ಅಷ್ಟೇ.

ಹೊಸ ಬ್ಯಾಂಡ್‌ಗಳು ಕೆಡುವುದು ಹೆಚ್ಚಾಗಿ ವಾಲ್ಯೂಮಿನಲ್ಲಿ. ಗಿಟಾರ್ ಏರುತ್ತದೆ, ಅದು ಕೇಳಿ ಡ್ರಮ್ಮರ್ ಜೋರಾಗಿ ಬಡಿಯುತ್ತಾರೆ, ಹಾಡುವವರು ಮೈಕ್ ಏರಿಸುತ್ತಾರೆ, ಮೈಕ್ ಕಿರುಚುತ್ತದೆ. ಡ್ರಮ್ಮಿಗೆ ತಿರುಗಿಸುವ ಗುಂಡಿ ಇಲ್ಲ, ಆದ್ದರಿಂದ ಅಳತೆಗೋಲು ಅದೇ. ಅದಕ್ಕೆ ಬೇಸ್ ಹೊಂದಿಸಿ, ಆಮೇಲೆ ಮೈಕನ್ನು ಕಿರುಚುವ ಹಂತಕ್ಕಿಂತ ಸ್ವಲ್ಪ ಕೆಳಗೆ ನಿಲ್ಲಿಸಿ, ಕೊನೆಗೆ ಗಿಟಾರನ್ನು ದನಿಗಿಂತ ಕೆಳಗಿಡಿ. ಆಂಪ್ ನೆಲದ ಮೇಲಿದ್ದರೆ ಸದ್ದೆಲ್ಲ ಗಿಟಾರಿನವರ ಮೊಣಕಾಲಿಗೆ ಹೋಗುತ್ತದೆ, ಅವರಿಗೆ ಸಾಲುವುದೇ ಇಲ್ಲ. ಕುರ್ಚಿಯ ಮೇಲಿಟ್ಟು ಅವರ ಕಿವಿಯತ್ತ ಓರೆಮಾಡಿದರೆ ತಾವೇ ಇಳಿಸುತ್ತಾರೆ! ಮನೆಯಲ್ಲಿ ಚೆಂದ ಕೇಳುವ, ಆಂಪಿನ ಬೇಸ್ ಗುಂಡಿ (ತಗ್ಗು ಸ್ವರ) ಹೆಚ್ಚಿಸಿ ಮಿಡ್ (ನಡುವಿನ ಸ್ವರ) ತೆಗೆದ ಗಿಟಾರ್ ಟೋನ್ ಬ್ಯಾಂಡಿನೊಳಗೆ ಮಾಯವಾಗುತ್ತದೆ. ಆಂಪಿನಲ್ಲಿ ಮಿಡ್ ಏರಿಸಿ, ಬೇಸ್ ಇಳಿಸಿ, ಡಿಸ್ಟಾರ್ಷನ್ (ದನಿಯನ್ನು ಒರಟಾಗಿಸುವ ಪರಿಣಾಮ) ಅರ್ಧಕ್ಕೆ ಕಡಿಮೆ ಮಾಡಿ.

ಕಾರ್ಡಿಯಾಯ್ಡ್ (ಮುಂದಿನ ಸದ್ದನ್ನು ಹೆಚ್ಚು, ಹಿಂದಿನದನ್ನು ಕಡಿಮೆ ಹಿಡಿಯುವ) ಮೈಕಾದರೆ ಮಾನಿಟರ್ (ಹಾಡುವವರಿಗೆ ತಮ್ಮ ದನಿ ಕೇಳಿಸುವ ಸ್ಪೀಕರ್) ಅದರ ಬೆನ್ನ ಹಿಂದೆಯೇ ಇರಬೇಕು. ಮೈಕಿನ ಜಾಲರಿಯನ್ನು ಮುಷ್ಟಿಯಲ್ಲಿ ಹಿಡಿದು ಹಾಡಿದರೆ ಫೀಡ್‌ಬ್ಯಾಕ್, ಅಂದರೆ ಮೈಕಿನ ಆ ಕಿರುಚಾಟ, ಖಚಿತ. ಆಂಪ್ ಗುಯ್‌ಗುಟ್ಟುತ್ತಿದೆಯೆಂದು ಮೂರು ಪಿನ್ನಿನ ಪ್ಲಗ್‌ನ ಅರ್ತ್ ಪಿನ್ ಮುರಿಯುವವರಿದ್ದಾರೆ. ಹಾಗೆ ಮಾಡಿದರೆ ಗಿಟಾರ್ ತಂತಿ ಹಿಡಿದುಕೊಂಡೇ ತುಟಿ ಮೈಕಿಗೆ ತಾಗಿದಾಗ ಹೊಡೆಯುವ ಶಾಕ್ ಜೀವವನ್ನೇ ತೆಗೆಯಬಹುದು. ಎಲ್ಲ ಆಂಪ್‌ಗಳನ್ನೂ ಮಿಕ್ಸರನ್ನೂ ಸರಿಯಾದ ಅರ್ತಿಂಗ್ ಇರುವ ಒಂದೇ ಬೋರ್ಡಿಗೆ ಹಾಕಿ, ಗುಯ್‌ ಬಹುಮಟ್ಟಿಗೆ ಅಲ್ಲಿಗೇ ನಿಲ್ಲುತ್ತದೆ.

ಶ್ರುತಿಯನ್ನು ಹಾಡುವವರೇ ಹೇಳಬೇಕು, ಗಿಟಾರಿನವರಲ್ಲ. ಹಾರ್ಮೋನಿಯಂನವರು ಕರಿ ಒಂದು ಎನ್ನುವ ಸಿ ಶಾರ್ಪ್ ಬೇಕಿದ್ದರೆ ಎಲ್ಲ ತಂತಿಗಳನ್ನೂ ಅರ್ಧ ಸ್ವರ ಇಳಿಸಿ ಡಿ ಕಾರ್ಡ್‌ಗಳನ್ನೇ ನುಡಿಸಬಹುದು. ತಂತಿ ಸಡಿಲವಾಗುವುದರಿಂದ ತೆಳುವಾದ 9ರ ಸೆಟ್ ಬದಲು ಸ್ವಲ್ಪ ದಪ್ಪನೆಯ 10ರದು ಹಾಕಿ. ಬೇಸನ್ನೂ ಇಳಿಸಲು ಮರೆಯಬೇಡಿ.

ಮೊದಲಿಗೆ ಮೂರೇ ಹಾಡು, ಆದಿಯಿಂದ ಅಂತ್ಯದವರೆಗೆ. ನಾವು ಆರಿಸಿದ್ದರಲ್ಲಿ ಶಿಶುನಾಳ ಷರೀಫರ ತತ್ವಪದವೂ ಇತ್ತು. ಷರೀಫರು 1889ರಲ್ಲಿ ತೀರಿಕೊಂಡವರು, ಸಾಹಿತ್ಯಕ್ಕೆ ಹಕ್ಕಿನ ತಕರಾರಿಲ್ಲ. ಆದರೆ ನಮ್ಮ ಕಿವಿಯಲ್ಲಿ ಕೂತಿರುವ ಧಾಟಿ ಬಹುಪಾಲು ಸಿ. ಅಶ್ವತ್ಥ್ ಅವರದು. ರೆಕಾರ್ಡ್ ಮಾಡಿ ಹೊರಬಿಡುವುದಾದರೆ ಅನುಮತಿ ಬೇಕು, ಇಲ್ಲವೇ ಸ್ವಂತ ಧಾಟಿ ಕಟ್ಟಬೇಕು. ತತ್ವಪದ ಮೂರು ಮೂರರ ನಡೆಯಲ್ಲಿದ್ದರೆ ಡ್ರಮ್ಮರ್ ಅಭ್ಯಾಸಬಲದಿಂದ ನಾಲ್ಕರ ರಾಕ್ ಬೀಟ್ ಹಾಕುತ್ತಾರೆ, ಪದಗಳು ನಡುವೆಯೇ ಮುರಿಯುತ್ತವೆ. ಆರು ಎಣಿಸಿ ಒಂದಕ್ಕೆ ಕಿಕ್, ನಾಲ್ಕಕ್ಕೆ ಸ್ನೇರ್ (ಚಟ್ಟೆನ್ನುವ ಚಿಕ್ಕ ಡ್ರಮ್) ಕೊಟ್ಟರೆ ಸಾಲು ತಾನಾಗಿ ಕೂರುತ್ತದೆ.

ಪ್ರತಿ ಸಲ ಕೊನೆಯ ಸುತ್ತನ್ನು ಫೋನಿನಲ್ಲಿ ರೆಕಾರ್ಡ್ ಮಾಡಿ. ಫೋನನ್ನು ಆಂಪ್ ಎದುರು ಇಡಬೇಡಿ, ಡ್ರಮ್ಮಿಗೆ ದೂರದ ಮೂಲೆಯಲ್ಲಿಡಿ. ಕೇಳುವುದು ಮರುದಿನ, ಅದೇ ರಾತ್ರಿಯಲ್ಲ.

ಮೊದಲ ಕಾರ್ಯಕ್ರಮಕ್ಕೆ 30 ನಿಮಿಷ ಸಿಕ್ಕರೆ ಐದು ಹಾಡು ಸಾಕು, ಉಳಿದ ಹೊತ್ತನ್ನು ಕೇಬಲ್ಲೇ ತಿನ್ನುತ್ತದೆ. ಡ್ರಮ್ಮರ್ ಚೀಲದಲ್ಲಿ ಎರಡು ಜೊತೆ ಸ್ಟಿಕ್, ಸ್ವಂತ ಕಿಕ್ ಪೆಡಲ್, ಡ್ರಮ್ ಕೀ. ಗಿಟಾರಿನವರದ್ದರಲ್ಲಿ ಬದಲಿ ಕೇಬಲ್ ಮತ್ತು ತಂತಿ. ಅರ್ಧ ಸ್ವರ ಇಳಿಸಿದ ಹಾಡುಗಳನ್ನೆಲ್ಲ ಒಟ್ಟಿಗೇ ಇಡಿ, ಆಗ ವೇದಿಕೆಯ ಮೇಲೆ ಒಂದೇ ಸಲ ಟ್ಯೂನ್ ಬದಲಿಸಿದರಾಯಿತು.