ಸ್ಲೋ ಕುಕ್ಕರಿನಲ್ಲಿ ಮೊಟ್ಟೆ ಕ್ಯಾಸರೋಲ್: ನೀರಾಗದಂತೆ ಬೇಯಿಸುವ ಕ್ರಮ

ಕ್ಯಾಸರೋಲ್ ಎಂದರೆ ಪದಾರ್ಥಗಳನ್ನೆಲ್ಲ ಒಂದೇ ಪಾತ್ರೆಯಲ್ಲಿ ಸೇರಿಸಿ ಬೇಯಿಸುವ ತಿನಿಸು; ಸ್ಲೋ ಕುಕ್ಕರ್ ಎಂದರೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಮುಚ್ಚಳವಿರುವ ವಿದ್ಯುತ್ ಪಾತ್ರೆ. ಅಮೆರಿಕದ ಮನೆಗಳಲ್ಲಿ ರಜಾದಿನದ ಬೆಳಗ್ಗೆ ಮಾಡುವ ಈ ತಿಂಡಿಗೆ 12 ಮೊಟ್ಟೆ, 1 ಕಪ್ ಹಾಲು, ತುರಿದ ಆಲೂಗಡ್ಡೆ ಮತ್ತು ಚೀಸ್ ಇದ್ದರೆ ಸಾಕು. ಅಣಬೆ, ಪಾಲಕ್, ದೊಣ್ಣೆಮೆಣಸಿನಕಾಯಿಗಳನ್ನು ಹಸಿಯಾಗಿಯೇ ಹಾಕಿದರೆ, ಮುಚ್ಚಿದ ಪಾತ್ರೆಯಿಂದ ಆವಿ ಹೆಚ್ಚಾಗಿ ಹೊರಹೋಗದ ಕಾರಣ ಅವು ಬಿಟ್ಟ ನೀರು ತಳದಲ್ಲೇ ನಿಲ್ಲುತ್ತದೆ. ಆದ್ದರಿಂದ ಅವುಗಳನ್ನು ಮೊದಲು ಬಾಣಲೆಯಲ್ಲಿ ಬಾಡಿಸಿಕೊಳ್ಳಬೇಕು, ಫ್ರೀಜರಿನ ಆಲೂಗಡ್ಡೆ ತುರಿಯನ್ನು ಫ್ರಿಜ್ಜಿನಲ್ಲಿಟ್ಟು ಕರಗಿಸಿ, ಚೆನ್ನಾಗಿ ಹಿಂಡಿ ಬಳಸಬೇಕು. ಪಾತ್ರೆಯ ಒಳಬದಿಗೆ ಧಾರಾಳವಾಗಿ ಬೆಣ್ಣೆ ಸವರಿರಿ.

ಹಿಂದಿನ ರಾತ್ರಿಯೇ ಸಿದ್ಧತೆ ಮಾಡುವವರು ದಯವಿಟ್ಟು ಮಿಶ್ರಣವನ್ನು ಬೇರೆ ಡಬ್ಬಿಯಲ್ಲಿ ಫ್ರಿಜ್ಜಿನಲ್ಲಿಡಿ. ಟೈಮರ್ ಇಟ್ಟು ಹಸಿ ಮೊಟ್ಟೆಯನ್ನು ಆರಿದ ಕುಕ್ಕರಿನಲ್ಲಿ ಗಂಟೆಗಟ್ಟಲೆ ಬಿಡುವುದು ಸುರಕ್ಷಿತವಲ್ಲ. ಬೇಯುವ ಸಮಯ ಕುಕ್ಕರಿನಿಂದ ಕುಕ್ಕರಿಗೆ ಬದಲಾಗುವುದರಿಂದ ಗಡಿಯಾರಕ್ಕಿಂತ ಥರ್ಮಾಮೀಟರನ್ನು ನಂಬುವುದು ಮೇಲು: ನಡುಭಾಗದ ಉಷ್ಣತೆ 71 ಡಿಗ್ರಿ ಸೆಲ್ಸಿಯಸ್ ತಲುಪಿದೊಡನೆ ಕುಕ್ಕರನ್ನು ಆರಿಸಿ, ಏಕೆಂದರೆ ಅದಾದ ಮೇಲೂ ಬೇಯಿಸಿದರೆ ಅಂಚುಗಳು ರಬ್ಬರಿನಂತಾಗುತ್ತವೆ.